ಬಾಗಿಲವಾಡದಲ್ಲಿ ಮಠದ ಚರಿತ್ರೆ

ಮಧ್ಯಯುಗದ ಯುರೋಪಿನಲ್ಲಿ ಮಠವೆಂಬುದು ಕೇವಲ ಜಪತಪಗಳ ಸ್ಥಾನವಾಗಿರಲಿಲ್ಲ. ಅದು ಭೂಮಿಯ ಒಡೆತನವುಳ್ಳ ಸಂಸ್ಥೆಯಾಗಿದ್ದಿತು. ಹೊಲ, ಕಾಡು, ಗಿರಣಿ, ಮೀನು ಹಿಡಿಯುವ ಮಡು, ಕೋಟೆ ಕಟ್ಟಿದ ಹಳ್ಳಿ, ಇವೆಲ್ಲವೂ ಅದರ ಆಸ್ತಿಯಾಗಿದ್ದುವು. ದಾನ ಕೊಟ್ಟ ಅರಸನು ಸತ್ತು ಅವನ ವಂಶವೇ ಅಳಿದ ಮೇಲೆಯೂ ಆ ದಾನ ಊರ್ಜಿತವೆಂದು ನೆರೆಯ ಪಾಳೆಯಗಾರನಿಗೆ ಮನಗಾಣಿಸುವ ಹೊಣೆ ಸನ್ಯಾಸಿಗಳ ಮೇಲೆ ಬೀಳುತ್ತಿದ್ದಿತು. ಚರ್ಮದ ಹಾಳೆಯ ಮೇಲೆ ಬರೆದ ದಾನಪತ್ರ ಮಠದ ಪೆಟ್ಟಿಗೆಯಲ್ಲಿ ಇರುತ್ತಿದ್ದಿತು, ನಿಜ. ಆದರೆ ಪೆಟ್ಟಿಗೆಯೊಳಗಣ ಪತ್ರವನ್ನು ಕುದುರೆಯೇರಿ ಬಂದ ಸೈನಿಕನು ಓದುವನೆ? ಓದಬಲ್ಲನೆ? ಮಠಗಳು ತಮ್ಮ ಪೂರ್ವಕಥೆಯನ್ನು ಕಲ್ಲಿನಲ್ಲಿ, ಕಂಚಿನಲ್ಲಿ, ಗೋಡೆಯ ಬಣ್ಣದಲ್ಲಿ, ಗ್ರಂಥದ ಅಂಚಿನಲ್ಲಿ ಚಿತ್ರಿಸಿಕೊಂಡುದಕ್ಕೆ ಭಕ್ತಿ ಒಂದು ಕಾರಣವಾದರೆ ಈ ಭಯ ಇನ್ನೊಂದು ಕಾರಣ. ಇದನ್ನು ತಿಳಿಯಲು ಮಧ್ಯ ಇಟಲಿಯ ಒಂದು ಮಠವನ್ನು ಹತ್ತಿರದಿಂದ ನೋಡಿದರೆ ಸಾಕು.

ಅಬ್ರುತ್ಸೊ ಸೀಮೆಯಲ್ಲಿ ಪೆಸ್ಕಾರ ನದಿಯ ಕಣಿವೆಯಲ್ಲಿ ಸಾನ್ ಕ್ಲೆಮೆಂತೆ ಆ ಕಸೌರಿಯ ಎಂಬ ಮಠವಿದೆ. ಹಿಂದೆ ಅದು ನದಿಯ ಎರಡು ಕವಲುಗಳ ನಡುವಣ ನಡುಗಡ್ಡೆಯಲ್ಲಿದ್ದಿತು. ಒಂದು ಕವಲು ಬತ್ತಿಹೋದುದರಿಂದ ಈಗ ಅದು ಬಯಲಿನಲ್ಲಿ ನಿಂತಿರುವಂತೆ ಕಾಣುತ್ತದೆ. ಅದನ್ನು ಸ್ಥಾಪಿಸಿದವನು ಷಾರ್ಲಮೇನನ ಮೊಮ್ಮಗನ ಮಗನಾದ ಚಕ್ರವರ್ತಿ ಎರಡನೆಯ ಲೂಯಿ. ಕ್ರಿ. ಶ. ೮೭೧ರಲ್ಲಿ ಈ ಲೂಯಿಯು ಅರಬರ ವಶದಲ್ಲಿದ್ದ ಬಾರಿ ಪಟ್ಟಣವನ್ನು ಗೆದ್ದು ದಕ್ಷಿಣ ಇಟಲಿಯ ಒಡೆಯನಾಗಿ ಮೆರೆದನು. ಅದೇ ವರ್ಷದ ಆಗಸ್ಟಿನಲ್ಲಿ ಬೆನೆವೆಂತೊ ನಗರದ ಅರಸ ಅಡೆಲ್ಕಿಸನು ಅವನನ್ನೇ ಸೆರೆ ಹಿಡಿದು, ಒಂದು ತಿಂಗಳ ಮೇಲೆ ಕೂಡಿಟ್ಟು, ಸೇಡು ತೀರಿಸಿಕೊಳ್ಳುವುದಿಲ್ಲವೆಂಬ ಆಣೆಯಿಡಿಸಿಕೊಂಡು ಬಿಟ್ಟನು. ಚಕ್ರವರ್ತಿಗೆ ಇದಕ್ಕಿಂತ ಮಾನಭಂಗವಿಲ್ಲ. ಸೆರೆಯಿಂದ ಬಿಡುಗಡೆಯಾದುದಕ್ಕೆ ಹರಕೆಯಾಗಿ ಅವನು ಈ ಮಠವನ್ನು ಕಟ್ಟಿಸಿದನೆಂಬುದು ಸಂಪ್ರದಾಯ. ಮರುವರ್ಷ, ಅಂದರೆ ೮೭೨ರಲ್ಲಿ, ಪೋಪ್ ಎರಡನೆಯ ಏಡ್ರಿಯನನಿಂದ ಸಂತ ಕ್ಲೆಮೆಂಟನ ಅಸ್ಥಿಗಳು ಇಲ್ಲಿಗೆ ಬಂದುವು. ಈ ಅಸ್ಥಿಗಳಿಗೂ ಒಂದು ಪ್ರಯಾಣದ ಕಥೆಯಿದೆ. ಸ್ಲಾವ ಜನಕ್ಕೆ ಧರ್ಮಬೋಧೆ ಮಾಡಿದ ಸಿರಿಲ್ ಮತ್ತು ಮೆಥೋಡಿಯಸ್ ಸಹೋದರರು ಕಪ್ಪುಸಮುದ್ರದ ತೀರದಿಂದ ಅವನ್ನು ರೋಮಿಗೆ ತಂದು ಐದಾರು ವರ್ಷವೂ ಆಗಿರಲಿಲ್ಲ. ಅಲ್ಲಿಯವರೆಗೆ ತ್ರಿತ್ವದ ಹೆಸರಿನಲ್ಲಿದ್ದ ಮಠ ಅಂದಿನಿಂದ ಕ್ಲೆಮೆಂಟನ ಮಠವಾಯಿತು.

ಮಠದ ಸೌಭಾಗ್ಯ ಹೆಚ್ಚು ದಿನ ನಡೆಯಲಿಲ್ಲ. ೮೭೫ರಲ್ಲಿ ಲೂಯಿಯು ಗಂಡುಮಕ್ಕಳಿಲ್ಲದೆ ತೀರಿಕೊಂಡನು. ಕಾಯುವ ಕೈ ಹೋಯಿತು. ಕಾಯಬೇಕಾದ ಆಸ್ತಿ ಮಾತ್ರ ಉಳಿಯಿತು. ಮುಂದಿನ ಶತಮಾನದಲ್ಲಿ ಅರಬರ ದಾಳಿ. ಅದಕ್ಕಿಂತ ಹೆಚ್ಚಿನ ಸಂಕಟ ಬಂದುದು ೧೧ನೆಯ ಶತಮಾನದ ಕಡೆಯ ಭಾಗದಲ್ಲಿ, ಉತ್ತರದಿಂದ ಬಂದು ದಕ್ಷಿಣ ಇಟಲಿಯನ್ನು ನುಂಗುತ್ತಿದ್ದ ನಾರ್ಮನ್ ಸರದಾರರಿಂದ. ಅವರಲ್ಲೊಬ್ಬನಾದ ಹ್ಯೂ ಮಾಲ್ಮೊಜೆತ್ತೊ ಎಂಬವನು ಮಠದ ಭೂಮಿಯನ್ನು ಆಕ್ರಮಿಸಿ, ಮಠಾಧಿಪತಿ ತ್ರಾಸ್ಮುಂಡನನ್ನೇ ಸೆರೆಯಲ್ಲಿಟ್ಟನು. ಅರಬರು ದೋಚಿಕೊಂಡು ಹೊರಟುಹೋಗುತ್ತಿದ್ದರು. ನಾರ್ಮನ್ನರಾದರೋ ಅಲ್ಲಿಯೇ ಕೋಟೆ ಕಟ್ಟಿ ನೆಲಸಿದರು. ದರೋಡೆಗಿಂತ ನೆರೆಹೊರೆಯೇ ಮಠಕ್ಕೆ ಹೆಚ್ಚು ಅಪಾಯಕರವಾಯಿತು.

ಹೀಗಿರುವಲ್ಲಿ ೧೧೫೫ರಲ್ಲಿ ಲೆಯೊನಾತೆ ಎಂಬವನು ಮಠಾಧಿಪತಿಯಾದನು. ೧೧೮೨ರಲ್ಲಿ ಅವನು ತೀರಿಕೊಳ್ಳುವವರೆಗೆ ನಡೆದ ಕೆಲಸವೇ ಕಸೌರಿಯವನ್ನು ಇಂದಿಗೂ ನೋಡತಕ್ಕ ಸ್ಥಳವನ್ನಾಗಿ ಮಾಡಿದೆ. ಅವನು ದೇವಾಲಯವನ್ನು ಮರಳಿ ಕಟ್ಟಿಸತೊಡಗಿದನು. ಅದರ ಮುಂದೆ ಮೂರು ಕಮಾನುಗಳ ಮುಖಮಂಟಪವನ್ನು ನಿಲ್ಲಿಸಿದನು. ಅದರ ಒಳಗೆ, ನಡುಬಾಗಿಲ ಮೇಲೆ, ಮಠದ ಕಥೆಯನ್ನು ಕೊರೆಯಿಸಿದನು.

ಆ ಬಾಗಿಲವಾಡವನ್ನು ಮೇಲಿನಿಂದ ಕೆಳಗೆ ಓದಬೇಕು. ಮೇಲಣ ಅರ್ಧವೃತ್ತದ ಫಲಕದ ನಡುವೆ ಸಂತ ಕ್ಲೆಮೆಂಟನು ಪೋಪ್ ಗುರುವಿನ ವೇಷದಲ್ಲಿ ಪೀಠಸ್ಥನಾಗಿದ್ದಾನೆ. ಒಂದು ಪಕ್ಕದಲ್ಲಿ ಅವನ ಇಬ್ಬರು ಶಿಷ್ಯರು. ಇನ್ನೊಂದು ಪಕ್ಕದಲ್ಲಿ ಲೆಯೊನಾತೆ. ಅವನ ಕೈಯಲ್ಲಿ ದೇವಾಲಯದ ಪ್ರತಿಕೃತಿ. ಅದನ್ನು ಅವನು ಸಂತನಿಗೆ ಒಪ್ಪಿಸುತ್ತಿದ್ದಾನೆ. ಕಟ್ಟಿಸಿದವನು ಕಟ್ಟಡವನ್ನು ಆಟಿಕೆಯಂತೆ ಕೈಯಲ್ಲಿ ಹಿಡಿದು ನಿಲ್ಲುವುದು ಆ ಕಾಲದ ಕ್ರೈಸ್ತ ಕಲೆಯಲ್ಲಿ ರೂಢಿಯಾಗಿದ್ದ ಸಂಕೇತ. ಇದು ದಾನಿಯ ಗುರುತು. ಇದರಲ್ಲಿ ಹೊಸದೇನೂ ಇಲ್ಲ.

ಹೊಸದಿರುವುದು ಅದರ ಕೆಳಗಣ ಉತ್ತರಾಂಗದಲ್ಲಿ. ಸಾಮಾನ್ಯವಾಗಿ ಕ್ರೈಸ್ತ ದೇವಾಲಯದ ಈ ಪಟ್ಟಿಯಲ್ಲಿ ಯೇಸುವಿನ ಹನ್ನೆರಡು ಮಂದಿ ಶಿಷ್ಯರನ್ನೋ ಕೊನೆಯ ತೀರ್ಪಿನ ದಿನ ಏಳುವ ಸತ್ತವರನ್ನೋ ಕೊರೆಯುವುದು ವಾಡಿಕೆ. ಕಸೌರಿಯದಲ್ಲಿ ಬೈಬಲಿನ ಒಂದು ದೃಶ್ಯವೂ ಇಲ್ಲ. ಅಲ್ಲಿರುವುದು ೮೭೧-೭೨ರ ಸಂಗತಿ. ಪೋಪ್ ಏಡ್ರಿಯನನು ರೋಮಿನಲ್ಲಿ ಅಸ್ಥಿಗಳನ್ನು ಚಕ್ರವರ್ತಿಯ ಕೈಗೆ ಕೊಡುತ್ತಾನೆ. ಅವನ್ನು ಹೇಸರಗತ್ತೆಯ ಬೆನ್ನಿನ ಮೇಲೆ ಹೇರಿ ಸಾಗಿಸುತ್ತಾರೆ. ನಡುಗಡ್ಡೆಗೆ ಬಂದ ಮೇಲೆ ಚಕ್ರವರ್ತಿಯು ಮೊದಲ ಮಠಾಧಿಪತಿ ರೋಮಾನುಸನಿಗೆ ಮಠವನ್ನು ಒಪ್ಪಿಸುತ್ತಾನೆ. ಪೆನ್ನೆ ನಗರದ ಬಿಷಪನು ನಡುಗಡ್ಡೆಯ ಮೇಲಣ ತನ್ನ ಹಕ್ಕನ್ನು ಬಿಟ್ಟುಕೊಡುತ್ತಾನೆ. ಹತ್ತಿರದಲ್ಲಿ ಕೌಂಟ್ ಪದವಿಯ ಪ್ರಭುವೂ ಸೈನಿಕನೂ ನಿಂತಿದ್ದಾರೆ. ಒಬ್ಬೊಬ್ಬರ ಪಕ್ಕದಲ್ಲಿಯೂ ಲ್ಯಾಟಿನ್ ಅಕ್ಷರಗಳಲ್ಲಿ ಅವರವರ ಹೆಸರು.

ಸಂತನ ಮಹಿಮೆಯನ್ನು ಹೇಳುವುದಷ್ಟೇ ಉದ್ದೇಶವಾಗಿದ್ದರೆ ಬಿಷಪನೂ ಸೈನಿಕನೂ ಇಲ್ಲಿ ಏಕೆ ಬೇಕು? ಕ್ಲೆಮೆಂಟನನ್ನು ಲಂಗರು ಕಟ್ಟಿ ಸಮುದ್ರಕ್ಕೆ ನೂಕಿದರೆಂಬ ರೋಮಾಂಚಕವಾದ ಕಥೆ ಎಲ್ಲರಿಗೂ ತಿಳಿದಿದ್ದಿತು. ಶಿಲ್ಪಿಗೆ ಅದಕ್ಕಿಂತ ಒಳ್ಳೆಯ ವಸ್ತು ಸಿಕ್ಕುತ್ತಿರಲಿಲ್ಲ. ಅದನ್ನು ಬಿಟ್ಟು ಭೂಮಿಯ ಕ್ರಯವನ್ನು ಕೊರೆಯಿಸಿದರೆಂದ ಮೇಲೆ ಇದು ಕಥೆಯಲ್ಲ, ದಸ್ತಾವೇಜು. ಕೊಟ್ಟವನು, ಕೊಂಡವನು, ಪಡೆದವನು, ಸಾಕ್ಷಿಗಳು, ಸ್ಥಳ, ಕ್ರಯಪತ್ರದಲ್ಲಿ ಇರತಕ್ಕ ಅಂಗಗಳೆಲ್ಲ ಇಲ್ಲಿವೆ. ಬಿಷಪನು ತಾನಾಗಿಯೇ ಸಾಕ್ಷಿಗಳ ಮುಂದೆ ಬಿಟ್ಟುಕೊಟ್ಟ ನೆಲದ ಮೇಲೆ ಅವನ ಪೀಠಕ್ಕೆ ಬಂದ ಮುಂದಿನ ಬಿಷಪನು ಅಧಿಕಾರ ನಡೆಸುವಂತಿಲ್ಲ. ಚಕ್ರವರ್ತಿಯೇ ಒಪ್ಪಿಸಿದ ಮಠವನ್ನು ನಿನ್ನೆ ಮೊನ್ನೆ ಬಂದ ಪಾಳೆಯಗಾರನು ತನ್ನ ಅಧೀನವೆಂದು ಹೇಳುವಂತಿಲ್ಲ. ಬಾಗಿಲನ್ನು ದಾಟಿ ಒಳಗೆ ಹೋಗುವ ಯಾರೇ ಆಗಲಿ ಈ ಪಟ್ಟಿಯ ಕೆಳಗೆ ಹಾದುಹೋಗಲೇಬೇಕು.

ಬಾಗಿಲವಾಡದ ಇಕ್ಕೆಲಗಳಲ್ಲಿ ಕಿರೀಟಧಾರಿಗಳಾದ ನಾಲ್ವರು ಅರಸರ ವಿಗ್ರಹಗಳಿವೆ. ಲೂಯಿಯ ಅನಂತರ ಬಂದು ಮಠವನ್ನು ಪೋಷಿಸಿದ ಅರಸರು ಇವರೆಂದು ಭಾವಿಸಲಾಗಿದೆ. ಸ್ಥಾಪಕನು ಒಬ್ಬನಾದರೂ ಆಶ್ರಯ ಕಡಿದುಹೋಗಲಿಲ್ಲವೆಂಬುದನ್ನು ತೋರಿಸುವ ಉಪಾಯವಿದು. ಈ ಸಾಲಿನಲ್ಲಿ ನಾರ್ಮನ್ ಅರಸನೊಬ್ಬನೂ ಇಲ್ಲ. ಕೆಲಸ ನಡೆದಾಗ ಅಬ್ರುತ್ಸೊ ಸೀಮೆಯನ್ನು ಆಳುತ್ತಿದ್ದವರು ಸಿಸಿಲಿಯ ನಾರ್ಮನ್ ರಾಜರೇ ಎಂಬುದನ್ನು ನೆನೆದರೆ ಈ ಮೌನ ಎಷ್ಟು ಎಚ್ಚರಿಕೆಯದೆಂದು ತಿಳಿಯುತ್ತದೆ. ಬೈದರೆ ಅಪಾಯ, ಹೊಗಳಿದರೆ ಹಕ್ಕು ಬಿಟ್ಟುಕೊಟ್ಟಂತೆ. ಶಿಲ್ಪಿಯು ಮುನ್ನೂರು ವರ್ಷ ಹಿಂದಕ್ಕೆ ಹೋಗಿ ಅಲ್ಲಿಯೇ ನಿಂತನು.

ಇಲ್ಲಿ ರಾಜದಂಡದ ಮಾತೊಂದಿದೆ. ಕ್ರೈಸ್ತ ಮಠಾಧಿಪತಿಗಳು ಕುರಿಗಾಹಿಯ ಕೋಲಿನಂತೆ ತುದಿ ಬಾಗಿದ ದಂಡವನ್ನು ಹಿಡಿಯುವುದು ಎಲ್ಲೆಡೆಯ ಪದ್ಧತಿ. ಲೂಯಿಯು ರೋಮಾನುಸನಿಗೆ ತನ್ನ ರಾಜದಂಡವನ್ನೇ ಕೊಟ್ಟನೆಂದೂ, ಆದುದರಿಂದ ತಮ್ಮ ಮಠಾಧಿಪತಿಗಳು ಬಾಗಿದ ದಂಡದ ಬದಲು ಅದನ್ನೇ ಧರಿಸತಕ್ಕವರೆಂದೂ ಕಸೌರಿಯದ ಸನ್ಯಾಸಿಗಳು ಹೇಳಿಕೊಳ್ಳುತ್ತಿದ್ದರು. ಬಾಗಿದ ದಂಡವನ್ನು ಬಿಷಪನ ಕೈಯಿಂದ ಪಡೆಯಬೇಕು. ರಾಜದಂಡ ಚಕ್ರವರ್ತಿಯಿಂದ ಬಂದುದು. ಒಂದು ಕೋಲಿನ ಆಕಾರದಲ್ಲಿ ಎಷ್ಟು ದೊಡ್ಡ ವ್ಯಾಜ್ಯ ಅಡಗಿದೆ!

ಲೆಯೊನಾತೆಯ ಕೆಲಸವನ್ನು ಮುಂದುವರಿಸಿದವನು ಅವನ ಉತ್ತರಾಧಿಕಾರಿ ಜೋಯೆಲ್. ಅದೇ ಬಾಗಿಲಿಗೆ ಅವನು ಕಂಚಿನ ಕದಗಳನ್ನು ಮಾಡಿಸಿದನು. ಎಪ್ಪತ್ತೆರಡು ಚಚ್ಚೌಕದ ತುಂಡುಗಳಾಗಿ ವಿಂಗಡಿಸಿದ ಆ ಕದಗಳಲ್ಲಿ ಶಿಲುಬೆಗಳಿವೆ, ಹೂವಿನ ಅಲಂಕಾರಗಳಿವೆ. ಅವುಗಳ ನಡುವೆ ಪುಟ್ಟ ಪುಟ್ಟ ಕೋಟೆಗಳ ಚಿತ್ರಗಳಿವೆ. ಒಂದೊಂದು ಕೋಟೆಯೂ ಮಠಕ್ಕೆ ಸೇರಿದ ಒಂದೊಂದು ಊರು, ಹೆಸರನ್ನೂ ಬರೆದಿದೆ. ಇದರ ಮೂಲ ಮಾದರಿ ಮೊಂಟೆ ಕಸೀನೊ. ಅಲ್ಲಿಯ ಪ್ರಸಿದ್ಧ ಮಠಾಧಿಪತಿ ಡೆಸಿಡೇರಿಯಸನು ಅಮಾಲ್ಫಿ ನಗರದ ದೇವಾಲಯದಲ್ಲಿ ಕಂಚಿನ ಕದಗಳನ್ನು ಕಂಡು ಬೆರಗಾಗಿ, ಅಂಥವೇ ತನಗೂ ಬೇಕೆಂದು ಕಾನ್‌ಸ್ಟಾಂಟಿನೋಪಲಿನಿಂದ ತರಿಸಿಕೊಂಡನು. ಅವುಗಳ ಮೇಲೆ ೧೦೬೬ರ ವರ್ಷದ ಉಲ್ಲೇಖವಿದೆ. ೧೨ನೆಯ ಶತಮಾನದಲ್ಲಿ ಆ ಮಠದ ಕದಗಳ ಮೇಲೆ ಮಠದ ಆಸ್ತಿಗಳ ಪಟ್ಟಿಯನ್ನು ಅಕ್ಷರಗಳಲ್ಲಿ ಕೆತ್ತಿಸಿದರು. ೧೯೪೪ರ ಫೆಬ್ರವರಿ ೧೫ರಂದು ಬಾಂಬುಗಳ ಸುರಿಮಳೆಯಲ್ಲಿ ಮೊಂಟೆ ಕಸೀನೊ ನೆಲಸಮವಾದರೂ ಆ ಕಂಚಿನ ಫಲಕಗಳು ಗಾಯಗೊಂಡು ಉಳಿದಿವೆ. ಮೊಂಟೆ ಕಸೀನೊದವರು ಆಸ್ತಿಯನ್ನು ಬರೆದರು. ಕಸೌರಿಯದವರು ಬರೆದುದಲ್ಲದೆ ಚಿತ್ರಿಸಿಯೂ ತೋರಿಸಿದರು. ಓದಲಾರದ ರೈತನೂ ತನ್ನ ಊರಿನ ಗೋಪುರವನ್ನು ಮಠದ ಕದದ ಮೇಲೆ ಕಾಣಬಹುದಾಗಿದ್ದಿತು. ಈ ಒಂದು ವಿಷಯದಲ್ಲಿ ಚಿಕ್ಕ ಮಠ ದೊಡ್ಡದನ್ನು ಮೀರಿಸಿತೆನ್ನಬೇಕು.

ಬಾಗಿಲಿನ ಕೆಲಸ ನಡೆಯುತ್ತಿದ್ದ ಅದೇ ಕಾಲದಲ್ಲಿ ಮಠದ ಒಳಗೆ ಇನ್ನೊಂದು ಕೆಲಸವೂ ಸಾಗಿದ್ದಿತು. ಯೋಹಾನ್ನೆಸ್ ಬೆರಾರ್ದಿ ಎಂಬ ಸನ್ಯಾಸಿಯು ಮಠದ ದಾನಪತ್ರಗಳನ್ನೆಲ್ಲ ಒಂದು ಗ್ರಂಥವಾಗಿ ಕೂಡಿಸಿದನು. ಲಿಪಿಕಾರನು ರುಸ್ತಿಕುಸ್ ಎಂಬವನು. ಈಗ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಈ ಹಸ್ತಪ್ರತಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳ ನಕಲುಗಳಿವೆ. ಅದರ ಪುಟದ ಏರ್ಪಾಟು ವಿಚಿತ್ರವಾದುದು. ಪುಟದ ನಡುಭಾಗದಲ್ಲಿ ದಾನಪತ್ರಗಳು. ಮಠದ ಇತಿಹಾಸವನ್ನು ಹೇಳುವ ವೃತ್ತಾಂತ ಸುತ್ತಲಿನ ಅಂಚಿನಲ್ಲಿ. ಸಂಸ್ಕೃತ ಗ್ರಂಥಗಳಲ್ಲಿ ಮೂಲದ ಸುತ್ತ ವ್ಯಾಖ್ಯಾನ ಬರುವಂತೆ ಇಲ್ಲಿ ಪತ್ರವೇ ಮೂಲ, ಚರಿತ್ರೆ ಅದರ ಟೀಕೆ. ನಡುನಡುವೆ ಲೇಖನಿಯಿಂದ ಬರೆದ ಚಿತ್ರಗಳು: ಚಕ್ರವರ್ತಿಗಳು, ಅರಸರು, ಪೋಪರು, ಮಠಾಧಿಪತಿಗಳು. ಚಿತ್ರ, ಪತ್ರ, ವೃತ್ತಾಂತ ಮೂರೂ ಒಂದೇ ಪುಟದಲ್ಲಿ ಒಂದಕ್ಕೊಂದು ಸಾಕ್ಷಿ ನುಡಿಯುತ್ತವೆ. ಉತ್ತರಾಂಗದ ಶಿಲ್ಪವೂ ಈ ಗ್ರಂಥವೂ ಒಂದೇ ಯೋಜನೆಯ ಎರಡು ಮುಖಗಳು; ಒಂದು ಹೊರಗಿನವರಿಗೆ, ಇನ್ನೊಂದು ವ್ಯಾಜ್ಯ ಬಂದಾಗ ನ್ಯಾಯಸ್ಥಾನಕ್ಕೆ.

ಕನ್ನಡ ನಾಡಿನ ಶಾಸನಗಳನ್ನು ಬಲ್ಲವರಿಗೆ ಇದು ತೀರ ಹೊಸ ಸಂಗತಿಯಾಗಿ ತೋರಲಾರದು. ದಾನಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರು, ಲಿಂಗ, ಪೂಜಿಸುವ ಯತಿ, ಕರುವಿಗೆ ಹಾಲೂಡುವ ಹಸು ಇವನ್ನು ಕೊರೆಯುತ್ತಿದ್ದುದು ಅಲಂಕಾರಕ್ಕಲ್ಲ. ಅಕ್ಷರ ತಿಳಿಯದವನಿಗೂ ಇದು ಧರ್ಮದ ನೆಲವೆಂದು ಅದು ಸಾರುತ್ತಿದ್ದಿತು. ದಾನವನ್ನು ಅಪಹರಿಸಿದವನಿಗೆ ಶಾಪವನ್ನು ಬರೆಯುವ ಪದ್ಧತಿ ಲ್ಯಾಟಿನ್ ಪತ್ರಗಳಲ್ಲಿಯೂ ಉಂಟು. ಆದರೆ ಕಸೌರಿಯದ ಉತ್ತರಾಂಗಕ್ಕೆ ಹೆಚ್ಚು ಹತ್ತಿರವಾದುದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಣ ಚಂದ್ರಗುಪ್ತ ಬಸದಿಯ ಜಾಲಂಧ್ರ. ಅಲ್ಲಿ ಸುಮಾರು ತೊಂಬತ್ತು ಪುಟ್ಟ ದೃಶ್ಯಗಳಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯನ್ನು ಕೊರೆದಿದೆ. ದಾಸೋಜನೆಂಬ ರೂವಾರಿಯ ಹೆಸರೂ ಇದೆ. ಕೆಲಸ ೧೨ನೆಯ ಶತಮಾನದ್ದು. ಹೇಳುವ ಸಂಗತಿ ಸಂಪ್ರದಾಯದ ಪ್ರಕಾರ ಕ್ರಿಸ್ತಪೂರ್ವದ್ದು. ಎರಡೂ ಕಡೆ ಸಂಘವೊಂದು ತಾನು ಈ ಸ್ಥಳಕ್ಕೆ ಹೇಗೆ ಬಂದೆನೆಂಬುದನ್ನು, ತನಗೆ ಮೊದಲು ಬಂದ ಗುರುವನ್ನೂ ಅವನೊಡನೆ ನಿಂತ ಅರಸನನ್ನೂ ಕಲ್ಲಿನಲ್ಲಿ ನಿಲ್ಲಿಸಿ, ಹೇಳಿಕೊಂಡಿದೆ. ಭೇದವೂ ಇದೆ. ಬೆಳಗೊಳದ ಅರಸನು ರಾಜ್ಯವನ್ನು ತೊರೆದು ಯತಿಯಾಗುತ್ತಾನೆ. ಕಸೌರಿಯದ ಅರಸನು ಅರಸನಾಗಿಯೇ ಉಳಿದು ಆಸ್ತಿಯನ್ನು ಕೊಡುತ್ತಾನೆ. ಒಂದರ ಹೆಮ್ಮೆ ತ್ಯಾಗದಲ್ಲಿ, ಇನ್ನೊಂದರದು ಹಕ್ಕಿನಲ್ಲಿ.

ಇಂಥ ಚಿತ್ರಗಳನ್ನು ಚರಿತ್ರಕಾರನು ಎಷ್ಟರಮಟ್ಟಿಗೆ ನಂಬಬಹುದು? ಕಸೌರಿಯದ ಶಿಲ್ಪ ೯ನೆಯ ಶತಮಾನವನ್ನು ಕುರಿತು ಹೇಳುವುದಕ್ಕಿಂತ ೧೨ನೆಯ ಶತಮಾನವನ್ನು ಕುರಿತು ಹೇಳುವುದು ಹೆಚ್ಚು ಎಂಬುದು ಸ್ಪಷ್ಟ. ಹಾಗೆಂದು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಈ ಪ್ರಶ್ನೆಗೆ ಬೆಳಕು ಬೀಳುವುದು ಕಸೌರಿಯದ ದಕ್ಷಿಣಕ್ಕಿರುವ ಇನ್ನೊಂದು ಮಠದಿಂದ. ಏಕೆಂದರೆ ಅಲ್ಲಿ ಚಿತ್ರವನ್ನು ನೆಲದೊಡನೆ ಹೋಲಿಸಿ ನೋಡಲು ಅವಕಾಶ ದೊರೆತಿದೆ.

ವೊಲ್ತುರ್ನೊ ನದಿಯ ಉಗಮದ ಹತ್ತಿರವಿರುವ ಸಾನ್ ವಿಂಚೆಂತ್ಸೊ ಮಠವನ್ನು ೮ನೆಯ ಶತಮಾನದ ಆದಿಯಲ್ಲಿ ಬೆನೆವೆಂತೊದ ಮೂವರು ಶ್ರೀಮಂತ ತರುಣರು, ಪಾಲ್ದೊ, ತಾಸೊ, ತಾತೊ ಎಂಬವರು, ಸ್ಥಾಪಿಸಿದರು. ನೂರು ವರ್ಷಗಳಲ್ಲಿ ಅದು ಇಟಲಿಯ ಮಹಾಮಠಗಳಲ್ಲೊಂದಾಯಿತು. ೮೮೧ರ ಅಕ್ಟೋಬರ್ ೧೦ರಂದು ಅರಬರು ಅದನ್ನು ಸುಟ್ಟರು. ಅನೇಕ ಸನ್ಯಾಸಿಗಳು ಹತರಾದರು. ಉಳಿದವರು ಕಾಪುವಾ ನಗರಕ್ಕೆ ಓಡಿಹೋಗಿ ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲಿಯೇ ಇದ್ದರು. ಸುಮಾರು ೧೧೩೦ರಲ್ಲಿ ಆ ಮಠದ ಜಾನ್ ಎಂಬ ಸನ್ಯಾಸಿಯು ಮಠದ ವೃತ್ತಾಂತವನ್ನು ಚಿತ್ರಸಹಿತವಾಗಿ ಬರೆದನು. ಆ ಗ್ರಂಥ ಈಗ ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಮೂವರು ಸ್ಥಾಪಕರಿದ್ದಾರೆ; ದಾನ ಕೊಡುವ ಪ್ರಭುಗಳೂ ಕೈನೀಡಿ ಪಡೆಯುವ ಮಠಾಧಿಪತಿಗಳೂ ಮತ್ತೆ ಮತ್ತೆ ಬರುತ್ತಾರೆ; ೮೮೧ರ ಹತ್ಯಾಕಾಂಡವೂ ಇದೆ. ಚಿತ್ರ ಬರೆಯುವ ವೇಳೆಗೆ ಮಠ ಹಳೆಯ ಜಾಗವನ್ನೇ ಬಿಟ್ಟು ನದಿಯ ಆಚೆ ದಡಕ್ಕೆ ಹೋಗಿದ್ದಿತು. ಸತ್ತವರ ಸ್ಥಳ ಒಂದು ಕಡೆ, ಇರುವವರ ಸ್ಥಳ ಒಂದು ಕಡೆ. ಎರಡನ್ನೂ ಹೊಸೆಯುವ ದಾರ ಆ ಗ್ರಂಥವೊಂದೇ.

೧೯೮೦ರಿಂದ ಇಂಗ್ಲೆಂಡಿನ ಪುರಾತತ್ತ್ವಜ್ಞ ರಿಚರ್ಡ್ ಹಾಜಸರ ನೇತೃತ್ವದಲ್ಲಿ ಹಳೆಯ ದಡದಲ್ಲಿ ಉತ್ಖನನ ನಡೆಯಿತು. ಸುಟ್ಟ ಪದರಗಳು ಕಂಡುಬಂದುವು. ಅವುಗಳಲ್ಲಿ ಬಾಣದ ಮೊನೆಗಳೂ ದೊರೆತುವು. ಹತ್ಯೆಯ ಚಿತ್ರ ಕಲ್ಪನೆಯಲ್ಲವೆಂದಾಯಿತು. ಇನ್ನೂ ಸ್ವಾರಸ್ಯವಾದುದು ಬೇರೊಂದು ಸಂಗತಿ. ಮೂವರು ತರುಣರು ಬರುವ ಮುಂಚೆಯೇ ಈ ಸ್ಥಳದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಒಂದು ಪ್ರಾರ್ಥನಾಲಯವನ್ನು ಕಟ್ಟಿಸಿದ್ದನೆಂದು ವೃತ್ತಾಂತ ಹೇಳುತ್ತದೆ. ಮಠಗಳು ತಮ್ಮ ಮೂಲವನ್ನು ಹಿರಿಯ ಅರಸನೊಬ್ಬನಿಗೆ ಕಟ್ಟುವುದು ಎಲ್ಲ ದೇಶಗಳಲ್ಲಿಯೂ ಕಾಣುವ ದೌರ್ಬಲ್ಯವಾದುದರಿಂದ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅಗೆದು ನೋಡಿದರೆ ಮಠದ ಅಡಿಯಲ್ಲಿ ರೋಮನ್ ಕಾಲದ ಕೊನೆಯ ಭಾಗದ ಒಂದು ವಸತಿಯೂ ೫ನೆಯ ಶತಮಾನದ ಚರ್ಚೂ ಇದ್ದುವು. ಕಾನ್‌ಸ್ಟಂಟೈನನ ಹೆಸರು ಸುಳ್ಳು. ನೆಲದ ನೆನಪು ನಿಜ.

ಇದೇ ಹಳೆಯ ದಡದಲ್ಲಿ ೧೮೩೨ರಲ್ಲಿಯೇ ಒಂದು ನೆಲಮನೆಯ ಗುಡಿ ಪತ್ತೆಯಾಗಿದ್ದಿತು. ೮೨೪ರಿಂದ ೮೪೨ರವರೆಗೆ ಮಠಾಧಿಪತಿಯಾಗಿದ್ದ ಎಪಿಫಾನಿಯುಸನ ಕಾಲದ ಭಿತ್ತಿಚಿತ್ರಗಳು ಅದರಲ್ಲಿವೆ. ಶಿಲುಬೆಗೇರಿದ ಯೇಸುವಿನ ಪಾದದ ಬಳಿ ಮಠಾಧಿಪತಿಯು ಬಾಗಿದ್ದಾನೆ. ಅವನ ತಲೆಯ ಹಿಂದೆ ದುಂಡನೆಯ ಪ್ರಭಾವಳಿಯ ಬದಲು ಚಚ್ಚೌಕದ್ದೊಂದು ಇದೆ. ದುಂಡನೆಯದು ಸ್ವರ್ಗಸ್ಥರಾದ ಸಂತರಿಗೆ. ಚಚ್ಚೌಕದ್ದು ಇನ್ನೂ ಬದುಕಿರುವವರಿಗೆ. ಡೆಸಿಡೇರಿಯಸನನ್ನೂ ಕಾಪುವಾ ಬಳಿಯ ಸಾಂತ್ ಆಂಜೆಲೊ ದೇವಾಲಯದ ಗೋಡೆಯಲ್ಲಿ ಹೀಗೆಯೇ ಚಿತ್ರಿಸಿದ್ದಾರೆ. ಈ ಒಂದು ಗುರುತಿನಿಂದ ಚಿತ್ರದ ಕಾಲ ತಾನಾಗಿಯೇ ನಿಶ್ಚಯವಾಗುತ್ತದೆ. ಚರಿತ್ರಕಾರನಿಗೆ ಇಂಥ ಉಪಕಾರವನ್ನು ಚಿತ್ರಕಾರರು ಮಾಡುವುದು ಅಪರೂಪ.

ಇಟಲಿಯಿಂದ ದೂರದಲ್ಲಿ, ಇಂಗ್ಲೆಂಡಿನ ಸಂತ ಆಲ್ಬನ್ ಮಠದಲ್ಲಿಯೂ ಇದೇ ಪದ್ಧತಿ ಬೆಳೆಯಿತು. ೧೩ನೆಯ ಶತಮಾನದಲ್ಲಿ ಅಲ್ಲಿದ್ದ ಮ್ಯಾಥ್ಯೂ ಪ್ಯಾರಿಸನು ಚರಿತ್ರಕಾರನೂ ಹೌದು, ಚಿತ್ರಕಾರನೂ ಹೌದು. ಆಲ್ಬನನ ಬಲಿದಾನದಿಂದ ಹಿಡಿದು ಆಫ ರಾಜನು ಕಲ್ಲುಕುಟಿಗರನ್ನು ನಿಯಮಿಸಿ ಮಠವನ್ನು ಕಟ್ಟಿಸುವವರೆಗಿನ ಕಥೆಯನ್ನು ತನ್ನ ಕೈಯಿಂದಲೇ ಬರೆದು ಬಿಡಿಸಿದನು. ಆ ಪುಸ್ತಕ ಡಬ್ಲಿನ್ನಿನಲ್ಲಿದೆ. ಅಲ್ಲಿಯೇ ೧೩೮೦ರ ಸುಮಾರಿಗೆ ಸಿದ್ಧವಾದ ಉಪಕಾರಿಗಳ ಪುಸ್ತಕ ಇನ್ನೊಂದು ಬಗೆಯದು. ಅದರಲ್ಲಿ ದಾನ ಕೊಟ್ಟವರೆಲ್ಲರ ಹೆಸರೂ ಅನೇಕರ ಚಿತ್ರವೂ ಇವೆ. ಅರಸರು ಮುದ್ರೆ ತೂಗುವ ದಾನಪತ್ರವನ್ನು ಹಿಡಿದಿದ್ದಾರೆ, ಇನ್ನು ಕೆಲವರು ಹಣದ ಚೀಲವನ್ನು. ಚಿತ್ರಗಳನ್ನು ಬರೆದವನು ಆಲನ್ ಸ್ಟ್ರೇಲರ್ ಎಂಬ ಕೂಲಿಯ ಕಲಾವಿದ. ಬಣ್ಣಗಳ ಬಾಬ್ತು ಮಠದಿಂದ ಅವನಿಗೆ ಬರಬೇಕಾಗಿದ್ದ ಮೂರು ಶಿಲಿಂಗು ನಾಲ್ಕು ಪೆನ್ಸುಗಳನ್ನು ಅವನು ಬಿಟ್ಟುಕೊಟ್ಟನು. ಆ ಕಾರಣಕ್ಕಾಗಿ, ಅರಸರೂ ಪ್ರಭುಗಳೂ ಇರುವ ಅದೇ ಪುಸ್ತಕದಲ್ಲಿ, ಉಪಕಾರಿಗಳಲ್ಲೊಬ್ಬನಾಗಿ ಅವನ ಚಿತ್ರವೂ ಸೇರಿದೆ.